ಬೇಲಿ ಮೊದಲು, ಬಲೆ ಆಮೇಲೆ: ಕೌರಿ ಹನಿಪಾಟ್ ಹಾಕುವ ಸಮಗ್ರ ಮಾರ್ಗದರ್ಶಿ

ಹೊಸ ವಿಪಿಎಸ್ (ಇಂಟರ್ನೆಟ್ಟಿನಲ್ಲಿ ಬಾಡಿಗೆಗೆ ಸಿಗುವ ಸರ್ವರ್) ಒಂದನ್ನು ತಗೊಂಡು ಅದರ 22ನೇ ಪೋರ್ಟನ್ನು, ಅಂದರೆ ದೂರದಿಂದ ಲಾಗಿನ್ ಆಗುವ ಎಸ್‌ಎಸ್‌ಎಚ್ ಸೇವೆಯ ಬಾಗಿಲನ್ನು, ಸುಮ್ನೆ ತೆರೆದಿಡಿ. ವಿಳಾಸವನ್ನು ಯಾರಿಗೂ ಹೇಳಬೇಡಿ. ಆದರೂ ಸ್ವಲ್ಪ ಹೊತ್ತಿನಲ್ಲೇ ಲಾಗ್ ಎಂಬ ದಾಖಲೆಯಲ್ಲಿ ಅಪರಿಚಿತ ಐಪಿ ವಿಳಾಸಗಳು ಕಾಣುತ್ತವೆ. ರೂಟ್, ಅಡ್ಮಿನ್, ಉಬುಂಟು, ಒರಾಕಲ್ ಎಂಬ ಹೆಸರುಗಳಲ್ಲಿ ಒಂದಾದ ಮೇಲೊಂದು ಪಾಸ್‌ವರ್ಡ್ ಪ್ರಯತ್ನ ನಡೆದಿರುತ್ತದೆ. ಇದರಲ್ಲಿ ನಿಮ್ಮ ಮೇಲಿನ ದ್ವೇಷವೇನೂ ಇಲ್ಲ. 2013ರಲ್ಲಿ ಮಿಶಿಗನ್ ವಿಶ್ವವಿದ್ಯಾಲಯದವರು ಜೀಮ್ಯಾಪ್ ಎಂಬ ಸಾಧನ ಬಿಡುಗಡೆ ಮಾಡಿದಾಗಲೇ, ಒಂದು ಗಿಗಾಬಿಟ್ ಸಂಪರ್ಕವಿದ್ದರೆ ಒಂದೇ ಕಂಪ್ಯೂಟರಿನಿಂದ ಇಡೀ ಐಪಿವಿ4 ಇಂಟರ್ನೆಟ್ಟನ್ನು 45 ನಿಮಿಷದೊಳಗೆ ಸ್ಕ್ಯಾನ್ ಮಾಡಬಹುದು ಎಂದು ತೋರಿಸಿದ್ದರು. ಅಡಗಿಕೊಳ್ಳಲು ಜಾಗವೇ ಉಳಿದಿಲ್ಲ, ಅಲ್ವಾ?

ಹಾಗೆ ಬರುವವರನ್ನು ಓಡಿಸುವ ಬದಲು ಒಳಗೆ ಬಿಟ್ಟು, ಏನು ಮಾಡುತ್ತಾರೆ ಎಂದು ಬರೆದಿಟ್ಟುಕೊಳ್ಳುವ ನಕಲಿ ಸರ್ವರ್ರೇ ಹನಿಪಾಟ್. ಈ ಯೋಚನೆ ಹಳೆಯದು. 1986ರಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯದಲ್ಲಿ ಕ್ಲಿಫರ್ಡ್ ಸ್ಟಾಲ್ ಎಂಬ ಖಗೋಳ ವಿಜ್ಞಾನಿ ಕಂಪ್ಯೂಟರ್ ಬಳಕೆಯ ಲೆಕ್ಕದಲ್ಲಿ 75 ಸೆಂಟ್ ವ್ಯತ್ಯಾಸ ಯಾಕೆ ಬಂತು ಎಂದು ಹುಡುಕಲು ಹೊರಟರು. ಹುಡುಕಿದರೆ ಒಬ್ಬ ನುಸುಳುಕೋರ ಸಿಕ್ಕಿದ. ಅವನನ್ನು ಫೋನ್ ಲೈನಿನಲ್ಲಿ ಜಾಸ್ತಿ ಹೊತ್ತು ಹಿಡಿದಿಟ್ಟು ಜಾಡು ಪತ್ತೆ ಮಾಡಲು, ರಕ್ಷಣಾ ಯೋಜನೆಯೊಂದರ ಕಡತಗಳಂತೆ ಕಾಣುವ ನಕಲಿ ಫೈಲುಗಳನ್ನು ಇಟ್ಟರು. ಜಾಡು ಜರ್ಮನಿಗೆ ಹೋಗಿ ಮುಟ್ಟಿತು. 1999ರಲ್ಲಿ ಹನಿನೆಟ್ ಪ್ರಾಜೆಕ್ಟ್ ಶುರುವಾದ ಮೇಲೆ ಇದು ಎಲ್ಲರೂ ಕಲಿಯಬಹುದಾದ ವಿದ್ಯೆಯಾಯಿತು.

ನಾವು ಇಲ್ಲಿ ಹಾಕಲಿರುವುದು ಕೌರಿ ಎಂಬ ಹನಿಪಾಟ್. ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಹೆಚ್ಚಿನವರು ಮೊದಲು ಹನಿಪಾಟ್ ಇನ್‌ಸ್ಟಾಲ್ ಮಾಡಿ, ಸುರಕ್ಷತೆಯನ್ನು ಕೊನೆಗೆ ನೋಡಿಕೊಳ್ಳೋಣ ಅನ್ನುತ್ತಾರೆ. ಇಲ್ಲಿ ಕ್ರಮ ತಿರುಗುಮುರುಗು. ಅರ್ಧ ಕೆಲಸ ಮುಗಿಯುವವರೆಗೂ ಕೌರಿಯ ಹತ್ತಿರಕ್ಕೇ ಹೋಗುವುದಿಲ್ಲ.

ಕಮಾಂಡುಗಳನ್ನು ಅಕ್ಷರಕ್ಕೆ ಅಕ್ಷರ ಕೊಟ್ಟಿಲ್ಲ. ಕೌರಿಯ ಆವೃತ್ತಿ ಬದಲಾದಂತೆ ಅವೂ ಬದಲಾಗುತ್ತವೆ. ಅದರ ಅಧಿಕೃತ ಕೈಪಿಡಿಯನ್ನು ಪಕ್ಕದಲ್ಲಿ ತೆರೆದಿಟ್ಟುಕೊಳ್ಳಿ. ಯಾವ ಹೆಜ್ಜೆ, ಯಾಕೆ, ಎಲ್ಲಿ ಎಡವುತ್ತಾರೆ ಎಂಬುದನ್ನು ಇಲ್ಲಿ ಓದಿ.

ಕೌರಿಯೇ ಯಾಕೆ?

ಹನಿಪಾಟ್‌ಗಳಲ್ಲಿ ಸ್ಥೂಲವಾಗಿ ಮೂರು ಬಗೆ. ಪೋರ್ಟ್ ತೆರೆದು, ಯಾರು ಮುಟ್ಟಿದರು ಎಂದಷ್ಟೇ ಬರೆದುಕೊಳ್ಳುವುದು ಒಂದು. ನಕಲಿ ಶೆಲ್ (ಕಮಾಂಡ್ ಕೊಡುವ ಪರದೆ) ತೋರಿಸಿ ದಾಳಿಕೋರನ ಜೊತೆ ಒಂದಷ್ಟು ದೂರ ಆಟ ಆಡುವುದು ಎರಡನೆಯದು. ನಿಜವಾದ ಆಪರೇಟಿಂಗ್ ಸಿಸ್ಟಮ್ಮನ್ನೇ ಒಪ್ಪಿಸಿಬಿಡುವುದು ಮೂರನೆಯದು. ಮೂರನೆಯದರಲ್ಲಿ ಕಲಿಯಲು ಜಾಸ್ತಿ ಸಿಗುತ್ತದೆ. ಆದರೆ ಆ ಯಂತ್ರ ನಿಜಕ್ಕೂ ದಾಳಿಕೋರನ ಕೈಗೆ ಹೋಗುತ್ತದೆ. ಒಬ್ಬರೇ ಕೂತು ಕಲಿಯುವವರಿಗೆ ಅದು ಬೇಡ.

ಕೌರಿ ಎರಡನೆಯ ಬಗೆಯದು. ಕಿಪ್ಪೋ ಎಂಬ ಹಳೆಯ ಹನಿಪಾಟನ್ನು ತಗೊಂಡು ಮಿಶೆಲ್ ಓಸ್ಟರ್‌ಹಾಫ್ ಬೆಳೆಸಿದ ಪೈಥಾನ್ ಪ್ರೋಗ್ರಾಮ್ ಇದು. ಎಸ್‌ಎಸ್‌ಎಚ್ ಮತ್ತು ಅದಕ್ಕಿಂತ ಹಳೆಯ ಟೆಲ್ನೆಟ್, ಈ ಎರಡು ಲಾಗಿನ್ ಸೇವೆಗಳನ್ನೂ ನಟಿಸುತ್ತದೆ. ದಾಳಿಕೋರ 'ಎಲ್‌ಎಸ್' ಅಂದರೆ ಫೈಲುಗಳ ಪಟ್ಟಿ ಬರುತ್ತದೆ, ಆದರೆ ಅಲ್ಲಿ ಫೈಲುಗಳಿಲ್ಲ. ಫೈಲ್ ಅಳಿಸಿದರೆ ಅಳಿಸಿದಂತೆ ಕಾಣುತ್ತದೆ. ಅವನು ಒತ್ತಿದ ಪ್ರತಿ ಕೀಲಿಯೂ ದಾಖಲಾಗುತ್ತದೆ. ನಿಜವಾದ ಬ್ಯಾಕೆಂಡ್ ಯಂತ್ರಕ್ಕೆ ಸಂಪರ್ಕ ದಾಟಿಸುವ ಪ್ರಾಕ್ಸಿ ವಿಧಾನವೂ ಇದೆ, ಸದ್ಯಕ್ಕೆ ಅದರ ತಂಟೆಗೆ ಹೋಗಬೇಡಿ.

ಜರ್ಮನಿಯ ಡಾಯ್ಚ ಟೆಲಿಕಾಮ್‌ನ ಸೆಕ್ಯುರಿಟಿ ತಂಡ ಕಟ್ಟಿರುವ ಟಿ-ಪಾಟ್ ಬಗ್ಗೆ ಕೇಳಿರಬಹುದು. ಇಪ್ಪತ್ತಕ್ಕೂ ಹೆಚ್ಚು ಹನಿಪಾಟ್‌ಗಳು ಒಂದೇ ಕಟ್ಟಿನಲ್ಲಿ, ಮೇಲೆ ಚಂದದ ಡ್ಯಾಶ್‌ಬೋರ್ಡ್. ನೋಡಲು ಭರ್ಜರಿಯಾಗಿದೆ. ಆದರೆ ಮೆಮೊರಿ ತುಂಬಾ ತಿನ್ನುತ್ತದೆ. ಜೊತೆಗೆ ಮೊದಲ ಸಲ ಕಲಿಯುವವರು ಭೂಪಟದ ಮೇಲೆ ಹಾರುವ ಬಾಣ ನೋಡುತ್ತ ಕೂರುತ್ತಾರೆಯೇ ಹೊರತು ಲಾಗ್ ಓದುವುದಿಲ್ಲ. ಕೌರಿಗೆ 1 ಜಿಬಿ ಮೆಮೊರಿಯ ಅಗ್ಗದ ವಿಪಿಎಸ್ ಸಾಕು.

ಹೆಜ್ಜೆ 1: ಜಾಗ ಹುಡುಕುವುದು

ಮನೆಯಲ್ಲಿ ಹಳೆಯ ಲ್ಯಾಪ್‌ಟಾಪ್ ಇದೆ, ಅದರಲ್ಲೇ ಹಾಕಲಾ ಎಂದು ಕೇಳುವವರು ಜಾಸ್ತಿ. ಬೇಡ. ನಮ್ಮಲ್ಲಿ ಅನೇಕ ಇಂಟರ್ನೆಟ್ ಕಂಪನಿಗಳು ಒಂದೇ ಸಾರ್ವಜನಿಕ ಐಪಿಯನ್ನು ಹಲವು ಮನೆಗಳಿಗೆ ಹಂಚುತ್ತವೆ, ಹೊರಗಿನಿಂದ ಯಾರೂ ನಿಮ್ಮ ಮನೆಯ ಪೋರ್ಟನ್ನು ಮುಟ್ಟಲಾಗುವುದಿಲ್ಲ. ಮುಟ್ಟುವಂತಿದ್ದರೂ ಅದೇ ವೈಫೈನಲ್ಲಿ ನಿಮ್ಮ ಫೋನು, ಟೀವಿ, ಬ್ಯಾಂಕಿಂಗ್ ಮಾಡುವ ಕಂಪ್ಯೂಟರ್ ಇರುತ್ತವೆ. ಗೊತ್ತಿದ್ದೂ ಗೊತ್ತಿದ್ದೂ ಅಲ್ಲಿಗೆ ದಾಳಿಕೋರನನ್ನು ಕರೆಯುವುದೇಕೆ?

ಪ್ರತ್ಯೇಕ ವಿಪಿಎಸ್ ತಗೊಳ್ಳಿ. ಪ್ರತ್ಯೇಕ ಅಂದರೆ ನಿಮ್ಮ ವೆಬ್‌ಸೈಟ್ ಇರುವ ಸರ್ವರ್ರಿನ ಮೂಲೆಯಲ್ಲ, ಅದೇ ಖಾತೆಯ ಖಾಸಗಿ ನೆಟ್‌ವರ್ಕಿನಲ್ಲೂ ಅಲ್ಲ. ಸಾಧ್ಯವಾದರೆ ಬೇರೆಯೇ ಖಾತೆ ತೆರೆಯಿರಿ. ತಗೊಳ್ಳುವ ಮುಂಚೆ ಕಂಪನಿಯ ಬಳಕೆ ನಿಯಮ ಓದಿ. ಕೆಲವರು ಹನಿಪಾಟ್ ಒಪ್ಪುತ್ತಾರೆ, ಕೆಲವರು ದೂರು ಬಂದ ಕೂಡಲೇ ಯಂತ್ರ ನಿಲ್ಲಿಸುತ್ತಾರೆ. ಸಂಶಯವಿದ್ದರೆ ಸಪೋರ್ಟ್‌ಗೆ ಒಂದು ಟಿಕೆಟ್ ಹಾಕಿ, ಉತ್ತರವನ್ನು ಜೋಪಾನವಾಗಿಡಿ.

ಆಪರೇಟಿಂಗ್ ಸಿಸ್ಟಮ್ ಡೆಬಿಯನ್ ಅಥವಾ ಉಬುಂಟುವಿನ ದೀರ್ಘಾವಧಿ ಆವೃತ್ತಿ ಇರಲಿ. ಆ ಐಪಿಗೆ ನಿಮ್ಮ ಡೊಮೇನ್ ಹೆಸರು ಜೋಡಿಸಬೇಡಿ.

ಹೆಜ್ಜೆ 2: ನೀವು ಒಳಹೋಗುವ ದಾರಿ ಬೇರೆ ಮಾಡಿ

22ನೇ ಪೋರ್ಟು ಇನ್ನು ಮುಂದೆ ದಾಳಿಕೋರರದು. ನಿಮ್ಮ ನಿಜವಾದ ಎಸ್‌ಎಸ್‌ಎಚ್ ಬೇರೆ ಕಡೆಗೆ ಹೋಗಬೇಕು. ಮೊದಲು ನಿಮ್ಮ ಪಬ್ಲಿಕ್ ಕೀಯನ್ನು (ಪಾಸ್‌ವರ್ಡ್ ಬದಲಿಗೆ ಬಳಸುವ ಕೀ ಜೋಡಿಯಲ್ಲಿ ಸರ್ವರ್ರಿಗೆ ಕೊಡುವ ಭಾಗ) ಸರ್ವರ್ರಿಗೆ ಹಾಕಿ, ಕೀಯಿಂದ ಲಾಗಿನ್ ಆಗುತ್ತದೆ ಎಂದು ಖಚಿತ ಮಾಡಿಕೊಳ್ಳಿ. ಆಮೇಲೆ ಎಸ್‌ಎಸ್‌ಎಚ್‌ಡಿ ಕಾನ್ಫಿಗ್ ಫೈಲಿನಲ್ಲಿ ಪೋರ್ಟನ್ನು ದೊಡ್ಡ ಸಂಖ್ಯೆಗೆ, ಉದಾಹರಣೆಗೆ 50000ದ ಮೇಲಿನ ಯಾವುದಾದರೂ ಒಂದಕ್ಕೆ, ಬದಲಿಸಿ. ಪಾಸ್‌ವರ್ಡ್ ಲಾಗಿನ್ನನ್ನು ಪೂರ್ತಿ ನಿಲ್ಲಿಸಿ.

ಉಬುಂಟು ಬಳಸುವವರು ಇಲ್ಲೊಂದು ವಿಷಯ ಗಮನಿಸಿ. 22.10ರಿಂದ ಈಚೆಗೆ ಅದರಲ್ಲಿ ಎಸ್‌ಎಸ್‌ಎಚ್ ಶುರುವಾಗುವುದು ಸಿಸ್ಟಮ್‌ಡಿ ಸಾಕೆಟ್ ಮೂಲಕ. 24.04ರಲ್ಲಿ ಕಾನ್ಫಿಗ್ ಬದಲಿಸಿ ಎಸ್‌ಎಸ್‌ಎಚ್ ಸೇವೆಯನ್ನಷ್ಟೇ ಮರುಚಾಲನೆ ಮಾಡಿದರೆ ಹಳೆಯ ಪೋರ್ಟೇ ಉಳಿಯುತ್ತದೆ. ಡೀಮನ್-ರೀಲೋಡ್ ಮಾಡಿ, ಎಸ್‌ಎಸ್‌ಎಚ್ ಡಾಟ್ ಸಾಕೆಟ್ಟನ್ನು ಮರುಚಾಲನೆ ಮಾಡಬೇಕು.

ಹಳೆಯ ಟರ್ಮಿನಲ್ ಮುಚ್ಚಬೇಡಿ. ಹೊಸ ಟರ್ಮಿನಲ್ಲಿನಲ್ಲಿ ಹೊಸ ಪೋರ್ಟಿಗೆ ಲಾಗಿನ್ ಆಗಿ ನೋಡಿ, ಆದ ಮೇಲಷ್ಟೇ ಹಳೆಯದನ್ನು ಬಿಡಿ. ನಿಮ್ಮದು ಸ್ಥಿರ ಐಪಿಯಾಗಿದ್ದರೆ ಆ ಪೋರ್ಟನ್ನು ಆ ಐಪಿಗೆ ಮಾತ್ರ ತೆರೆಯಿರಿ. ಸ್ಥಿರವಲ್ಲದಿದ್ದರೆ ಕೀ ಒಂದೇ ಸಾಕು. ನಾಳೆ ನಿಮ್ಮ ಐಪಿ ಬದಲಾಗಿ ನೀವೇ ಹೊರಗುಳಿಯಬಾರದಲ್ಲ.

ಇನ್ನೊಂದು ಕಾರಣಕ್ಕೂ ಪಾಸ್‌ವರ್ಡ್ ಬೇಡ ಅನ್ನುವುದು: ಮುಂದೊಂದು ದಿನ ಮರೆತು 22ಕ್ಕೇ ಲಾಗಿನ್ ಆಗಲು ಹೋದರೆ, ನೀವು ಟೈಪ್ ಮಾಡಿದ ನಿಜವಾದ ಪಾಸ್‌ವರ್ಡ್ ಕೌರಿಯ ಲಾಗಿನಲ್ಲಿ ಅಚ್ಚೊತ್ತಿ ಕೂರುತ್ತದೆ.

ಹೆಜ್ಜೆ 3: ಹೊರಹೋಗುವ ದಾರಿಗೆ ಬೇಲಿ

ಇಡೀ ಕೆಲಸದಲ್ಲಿ ಮುಖ್ಯವಾದದ್ದು ಇದೇ. ದಾಳಿಕೋರ ಒಳಬಂದು ಏನು ಮಾಡುತ್ತಾನೆ ಎಂಬುದಕ್ಕಿಂತ, ನಿಮ್ಮ ಯಂತ್ರದಿಂದ ಹೊರಗೆ ಏನು ಮಾಡಬಲ್ಲ ಎಂಬುದು ದೊಡ್ಡ ಪ್ರಶ್ನೆ. ಕೌರಿಯ ಶೆಲ್ ನಕಲಿ ನಿಜ. ಆದರೆ ಅದರಲ್ಲಿ 'ಡಬ್ಲ್ಯುಗೆಟ್' ಅಥವಾ 'ಕರ್ಲ್' ಕೊಟ್ಟರೆ ಕೌರಿ ನಿಜವಾಗಿಯೇ ಇಂಟರ್ನೆಟ್ಟಿಗೆ ಹೋಗಿ ಆ ಫೈಲನ್ನು ತರುತ್ತದೆ. ಮಾಲ್ವೇರ್ ಮಾದರಿ ಸಿಗಲಿ ಎಂದೇ ಹಾಗೆ ಮಾಡಿದ್ದಾರೆ. ಅಂದರೆ ದಾಳಿಕೋರ ಹೇಳಿದ ವಿಳಾಸಕ್ಕೆ ನಿಮ್ಮ ಐಪಿಯಿಂದ ವಿನಂತಿ ಹೋಗುತ್ತದೆ.

ಈಗಲೇ 'ಕೌರಿ' ಹೆಸರಿನ ಬಳಕೆದಾರನನ್ನು ಸೃಷ್ಟಿಸಿ. ಪಾಸ್‌ವರ್ಡ್ ಇರಬಾರದು, ಸುಡೋ ಅಧಿಕಾರ ಇರಬಾರದು. ಕೌರಿಯನ್ನು ರೂಟ್ ಆಗಿ ಎಂದೂ ಓಡಿಸಬೇಡಿ. ಲಿನಕ್ಸಿನ ಫೈರ್‌ವಾಲ್ ಸಾಧನವಾದ ಐಪಿಟೇಬಲ್ಸ್‌ನಲ್ಲಿ ಓನರ್ ಎಂಬ ಮಾಡ್ಯೂಲ್ ಇದೆ, ಇಂಥ ಬಳಕೆದಾರನಿಂದ ಹೊರಟ ಪ್ಯಾಕೆಟ್‌ಗೆ ಇಂಥ ನಿಯಮ ಎಂದು ಹೇಳಬಹುದು. ಔಟ್‌ಪುಟ್ ಸರಪಳಿಯಲ್ಲಿ (ಹೊರಹೋಗುವ ಪ್ಯಾಕೆಟ್‌ಗಳ ನಿಯಮಗಳ ಪಟ್ಟಿ), ಕೌರಿ ಬಳಕೆದಾರನಿಗೆ, ಈ ಕ್ರಮದಲ್ಲಿ ನಿಯಮ ಬರೆಯಿರಿ:

ಮೊದಲನೆಯದಾಗಿ, ಈಗಾಗಲೇ ಶುರುವಾದ ಸಂಪರ್ಕಗಳ ಉತ್ತರಗಳಿಗೆ ಅನುಮತಿ. ಇಲ್ಲದಿದ್ದರೆ ದಾಳಿಕೋರನಿಗೆ ಲಾಗಿನ್ ಪರದೆಯೇ ಕಾಣುವುದಿಲ್ಲ. ಎರಡನೆಯದಾಗಿ, 127.0.0.53ಕ್ಕೆ ಡಿಎನ್‌ಎಸ್ ಅನುಮತಿ. ಉಬುಂಟುವಿನಲ್ಲಿ ಹೆಸರು ಹುಡುಕುವ ಕೆಲಸವನ್ನು ಈ ಒಳವಿಳಾಸದಲ್ಲಿರುವ ಬೇರೊಂದು ಸೇವೆ ಮಾಡುತ್ತದೆ, ಹಾಗಾಗಿ ಕೌರಿ ನೇರವಾಗಿ ಹೊರಗಿನ ಡಿಎನ್‌ಎಸ್‌ಗೆ ಹೋಗಬೇಕಿಲ್ಲ. ಮೂರನೆಯದಾಗಿ, 169.254.169.254ಕ್ಕೆ ಪೂರ್ತಿ ತಡೆ. ಅನೇಕ ಕ್ಲೌಡ್ ಕಂಪನಿಗಳಲ್ಲಿ ಯಂತ್ರದ ಗುಟ್ಟಿನ ಮಾಹಿತಿ ಸಿಗುವ ವಿಳಾಸ ಅದು. ದಾಳಿಕೋರ ಅದನ್ನು 'ಕರ್ಲ್'ಗೆ ಕೊಟ್ಟು ನೋಡುವ ಸಾಧ್ಯತೆ ಇದ್ದೇ ಇದೆ. 10, 172.16ರಿಂದ 172.31, 192.168 ಎಂದು ಶುರುವಾಗುವ ಖಾಸಗಿ ವಲಯಗಳಿಗೂ ತಡೆ ಹಾಕಿ. ಕೌರಿಯೇ ತಡೆಯುತ್ತದಲ್ಲ ಎಂದು ಬಿಡಬೇಡಿ. ಫೈರ್‌ವಾಲ್ ಕೂಡ ತಡೆಯಲಿ. ಕೊನೆಗೆ, ಉಳಿದದ್ದೆಲ್ಲ ಬಂದ್.

80 ಮತ್ತು 443ಕ್ಕೆ ಬಿಡಬೇಕೇ? ನನ್ನ ಅಭಿಪ್ರಾಯ: ಮೊದಮೊದಲು ಬಿಡಬೇಡಿ. ಫೈಲ್ ಬರದಿದ್ದರೂ ದಾಳಿಕೋರ ಕೊಟ್ಟ ಕೊಂಡಿ ಲಾಗಿನಲ್ಲಿ ಇದ್ದೇ ಇರುತ್ತದೆ. ಮಾದರಿಗಳು ಬೇಕೇಬೇಕು ಅನ್ನಿಸಿದ ಮೇಲೆ ಆ ಎರಡು ಪೋರ್ಟುಗಳನ್ನು ಮಾತ್ರ ಮಿತಿ ಹಾಕಿ ತೆರೆಯಿರಿ. 8080ರಂಥ ಪೋರ್ಟಿನಿಂದಲೋ ಟಿಎಫ್‌ಟಿಪಿಯಿಂದಲೋ ಬರುವ ಕೆಲವು ಮಾದರಿಗಳು ತಪ್ಪಿಹೋಗುತ್ತವೆ. ಹೋಗಲಿ ಬಿಡಿ.

ಐಪಿವಿ6 ಮರೆತುಹೋಗುವ ಜಾಗ. ಐಪಿಟೇಬಲ್ಸ್ ನಿಯಮಗಳು ಅದಕ್ಕೆ ತಗುಲುವುದಿಲ್ಲ, ಐಪಿ6ಟೇಬಲ್ಸ್ ಬೇರೆಯೇ ಇದೆ. ಬಳಸುವುದಿಲ್ಲವಾದರೆ ಆ ಯಂತ್ರದಲ್ಲಿ ಐಪಿವಿ6 ಆಫ್ ಮಾಡಿಬಿಡಿ.

ನಿಯಮಗಳು ರೀಬೂಟ್ ಆದ ಮೇಲೂ ಉಳಿಯಲು ಐಪಿಟೇಬಲ್ಸ್-ಪರ್ಸಿಸ್ಟೆಂಟ್ ಪ್ಯಾಕೇಜ್ ಹಾಕಿ. ಯುಎಫ್‌ಡಬ್ಲ್ಯು ಎಂಬ ಸರಳ ಫೈರ್‌ವಾಲ್ ಸಾಧನ ಬಳಸಿ ರೂಢಿಯಿದ್ದರೆ ಅದನ್ನೇ ಬಳಸಿ, ಎರಡನ್ನೂ ಬೆರೆಸಬೇಡಿ. ಬೇಲಿ ಕೆಲಸ ಮಾಡುತ್ತಿದೆಯಾ ಎಂದು ನೋಡಲು ಕೌರಿ ಬಳಕೆದಾರನಾಗಿ ಯಾವುದಾದರೂ ವೆಬ್‌ಸೈಟಿಗೆ 'ಕರ್ಲ್' ಮಾಡಿ. ಅದು ನೇತಾಡಿಕೊಂಡು ನಿಂತರೆ ಸರಿಯಾಗಿದೆ ಎಂದರ್ಥ.

ಆದರೆ ಇಲ್ಲೊಂದು ಪೇಚಿದೆ. ಕೌರಿಯ ಲೈಬ್ರರಿಗಳನ್ನು ತರಲು ಇಂಟರ್ನೆಟ್ ಬೇಕು. ಹಾಗಾಗಿ ಮುಂದಿನ ಹೆಜ್ಜೆ ನಡೆಯುವಷ್ಟು ಹೊತ್ತು ಕೊನೆಯ ನಿಯಮವನ್ನು ತೆಗೆದಿಟ್ಟು, ಮುಗಿದ ಕೂಡಲೇ ಹಿಂದಕ್ಕೆ ಹಾಕಿ. ಇನ್ನೂ ಯಾವ ಪೋರ್ಟೂ ದಾಳಿಕೋರನಿಗೆ ತೆರೆದಿಲ್ಲವಾದ್ದರಿಂದ ಅಪಾಯವಿಲ್ಲ.

ಹೆಜ್ಜೆ 4: ಕೌರಿ ಇನ್‌ಸ್ಟಾಲ್

ಇದು ಸುಲಭದ ಭಾಗ. ಗಿಟ್, ಪೈಥಾನ್ 3, ಅದರ ವೆನ್ವ್ ಪ್ಯಾಕೇಜ್, ಕಂಪೈಲ್ ಮಾಡಲು ಬೇಕಾದ ಬಿಲ್ಡ್-ಎಸೆನ್ಷಿಯಲ್, ಓಪನ್‌ಎಸ್‌ಎಸ್‌ಎಲ್ ಮತ್ತು ಎಫ್‌ಎಫ್‌ಐ ಡೆವಲಪ್‌ಮೆಂಟ್ ಲೈಬ್ರರಿಗಳನ್ನು ಹಾಕಿ. ಕೌರಿ ಬಳಕೆದಾರನಾಗಿ ಬದಲಾಗಿ, ಗಿಟ್‌ಹಬ್‌ನಿಂದ ಕೌರಿಯ ಭಂಡಾರವನ್ನು ಕ್ಲೋನ್ ಮಾಡಿ. ಆ ಡೈರೆಕ್ಟರಿಯಲ್ಲೇ ವರ್ಚುವಲ್ ಎನ್ವಿರಾನ್‌ಮೆಂಟ್ ಸೃಷ್ಟಿಸಿ, ಅದನ್ನು ಚಾಲೂ ಮಾಡಿ, ಪಿಪ್‌ನಿಂದ ಅಗತ್ಯ ಲೈಬ್ರರಿಗಳನ್ನು ತನ್ನಿ.

ಡಾಕರ್ ಗೊತ್ತಿರುವವರಿಗೆ ಒಂದೇ ಸಾಲಿನಲ್ಲಿ ಕೌರಿ ಓಡುತ್ತದೆ. ಆದರೆ ನಾವು ಈಗಷ್ಟೇ ಕಟ್ಟಿದ ಬೇಲಿ ಆಗ ಕೆಲಸಕ್ಕೆ ಬರುವುದಿಲ್ಲ. ಕಂಟೇನರಿನ ಪ್ಯಾಕೆಟ್‌ಗಳು ಔಟ್‌ಪುಟ್ ಸರಪಳಿಯಲ್ಲಿ ಅಲ್ಲ, ಫಾರ್ವರ್ಡ್ ಸರಪಳಿಯಲ್ಲಿ ಹೋಗುತ್ತವೆ. ಅಲ್ಲಿ ಡಾಕರ್-ಯೂಸರ್ ಎಂಬ ಸರಪಳಿಯಲ್ಲಿ ನಿಯಮ ಬರೆಯಬೇಕು. ಡಾಕರ್ ತೆರೆದ ಪೋರ್ಟು ಯುಎಫ್‌ಡಬ್ಲ್ಯುವನ್ನು ದಾಟಿಕೊಂಡೇ ಹೋಗುತ್ತದೆ ಎಂಬುದೂ ನೆನಪಿರಲಿ. ಲಾಗ್‌ಗಳಿಗೆ ವಾಲ್ಯೂಮ್ ಜೋಡಿಸದಿದ್ದರೆ ಕಂಟೇನರ್ ತೆಗೆದಾಗ ಅವೂ ಹೋಗುತ್ತವೆ. ಅದಕ್ಕೇ ಮೊದಲ ಸಲ ಡಾಕರ್ ಇಲ್ಲದೆ ಹಾಕಿ.

ಹೆಜ್ಜೆ 5: ವೇಷ ಹಾಕುವುದು

ಕೌರಿಯ ಇಟಿಸಿ ಡೈರೆಕ್ಟರಿಯಲ್ಲಿ ಕೌರಿ ಡಾಟ್ ಸಿಎಫ್‌ಜಿ ಡಾಟ್ ಡಿಸ್ಟ್ ಎಂಬ ಮಾದರಿ ಕಾನ್ಫಿಗ್ ಇದೆ. ಅದನ್ನು ತಿದ್ದಬೇಡಿ. ಕೊನೆಯ ಡಿಸ್ಟ್ ಇಲ್ಲದ ಹೆಸರಿನಲ್ಲಿ ಹೊಸ ಫೈಲ್ ಮಾಡಿ, ನೀವು ಬದಲಿಸುವ ಸಾಲುಗಳನ್ನು ಮಾತ್ರ ಅದರಲ್ಲಿ ಬರೆಯಿರಿ. ಅಪ್‌ಡೇಟ್ ಬಂದಾಗ ಗೋಜಲಾಗುವುದಿಲ್ಲ.

ಹಾಗೆಯೇ ಬಿಟ್ಟ ಕೌರಿಯನ್ನು ಗುರುತಿಸುವುದು ಬಹಳ ಸುಲಭ. ಹೋಸ್ಟ್‌ನೇಮ್ 'ಎಸ್‌ವಿಆರ್04' ಎಂದಿರುತ್ತದೆ. ಬಳಕೆದಾರರ ಪಟ್ಟಿಯಲ್ಲಿ 'ಫಿಲ್' ಎಂಬವನು ಕೂತಿರುತ್ತಾನೆ, ಕಿಪ್ಪೋ ಕಾಲದಿಂದ ಬಂದವನು. ರೂಟ್‌ಗೆ ರೂಟ್ ಅಥವಾ 123456 ಎಂದರೆ ಬಿಡುವುದಿಲ್ಲ, ಬೇರೆ ಬಹುತೇಕ ಏನು ಕೊಟ್ಟರೂ ಒಳಗೆ ಬಿಡುತ್ತದೆ. ಇಷ್ಟು ತಿಳಿದ ಬಾಟ್ (ತಾನಾಗಿ ದಾಳಿ ಮಾಡುವ ಪ್ರೋಗ್ರಾಮ್) ಬಂದು ಎರಡು ಪ್ರಶ್ನೆ ಕೇಳಿ ಹೊರಟುಹೋಗುತ್ತದೆ.

ಹೋಸ್ಟ್‌ನೇಮನ್ನು ಮಾಮೂಲಿ ಸರ್ವರ್ ಹೆಸರಿಗೆ ಬದಲಿಸಿ. ಹನಿಎಫ್‌ಎಸ್ ಡೈರೆಕ್ಟರಿಯಲ್ಲಿರುವ ಪಾಸ್‌ವರ್ಡ್ (passwd), ಗ್ರೂಪ್, ಹೋಸ್ಟ್ಸ್, ಇಷ್ಯೂ ಫೈಲುಗಳನ್ನು ತಿದ್ದಿ, ಫಿಲ್‌ನನ್ನು ಕಳಿಸಿಕೊಡಿ. ಫೈಲುಗಳ ಪಟ್ಟಿ ಪಿಕಲ್ ಎಂಬ ಬೇರೆ ಫೈಲಿನಲ್ಲಿದೆ, ಅವುಗಳ ಒಳಗಿನ ಬರಹ ಹನಿಎಫ್‌ಎಸ್‌ನಲ್ಲಿದೆ. ಪಟ್ಟಿಯಲ್ಲೂ ಇದ್ದು ಹನಿಎಫ್‌ಎಸ್‌ನಲ್ಲೂ ಇರುವ ಫೈಲಿಗೆ ಮಾತ್ರ 'ಕ್ಯಾಟ್' ಅಂದರೆ ಏನಾದರೂ ಕಾಣುತ್ತದೆ. ಇದನ್ನು ತಿಳಿಯದೆ ಫೈಲ್ ಹಾಕಿ, ಕಾಣುತ್ತಿಲ್ಲವಲ್ಲ ಎಂದು ತಲೆ ಕೆಡಿಸಿಕೊಳ್ಳುವವರು ಬಹಳ. ಹೊಸ ಹೆಸರನ್ನು ಪಟ್ಟಿಗೆ ಸೇರಿಸಲು ಎಫ್‌ಎಸ್‌ಸಿಟಿಎಲ್ ಎಂಬ ಸಾಧನ ಕೌರಿಯ ಜೊತೆಗೇ ಬರುತ್ತದೆ.

ಎಸ್‌ಎಸ್‌ಎಚ್ ಬ್ಯಾನರ್, ಕರ್ನೆಲ್ ಆವೃತ್ತಿ, ಇಷ್ಯೂ ಫೈಲ್ ಈ ಮೂರೂ ಒಂದೇ ಕಾಲದ ಒಂದೇ ಡಿಸ್ಟ್ರೋಗೆ ಹೊಂದುವಂತಿರಲಿ. ನಿಜವಾದ ಡೆಬಿಯನ್ ಯಂತ್ರದಿಂದ ಮೂರನ್ನೂ ನೋಡಿ ಬರೆದುಕೊಳ್ಳುವುದು ಸುಲಭ ಉಪಾಯ.

ಪಾಸ್‌ವರ್ಡ್ ವಿಷಯಕ್ಕೆ ಎರಡು ದಾರಿ. ಯೂಸರ್‌ಡಿಬಿ ಫೈಲಿನಲ್ಲಿ ಯಾರಿಗೆ ಯಾವ ಪಾಸ್‌ವರ್ಡ್ ಎಂದು ಬರೆಯಬಹುದು. ನಕ್ಷತ್ರ ಚಿಹ್ನೆ ಅಂದರೆ ಏನಾದರೂ ಸರಿ, ಆಶ್ಚರ್ಯ ಚಿಹ್ನೆ ಅಂದರೆ ಬಿಡಬೇಡ. ಅಥವಾ ಆತ್‌ರ್‍ಯಾಂಡಮ್ ಎಂಬ ಆಯ್ಕೆ ಹಾಕಿದರೆ, ಉದಾಹರಣೆಗೆ 2ರಿಂದ 5 ಸಲ ತಪ್ಪು ಎಂದು ಹೇಳಿ ಆಮೇಲೆ ಒಪ್ಪಿಕೊಳ್ಳುತ್ತದೆ. ನಾನು ಯೂಸರ್‌ಡಿಬಿಯನ್ನೇ ಮೆಚ್ಚುತ್ತೇನೆ. ರೂಟ್‌ಗೆ ನಾಲ್ಕೈದು ದುರ್ಬಲ ಪಾಸ್‌ವರ್ಡ್ ಮಾತ್ರ ಬಿಟ್ಟರೆ ಬರುವವರ ಸಂಖ್ಯೆ ಕಡಿಮೆಯಾಗುತ್ತದೆ, ಆದರೆ ಹನಿಪಾಟ್ ನಿಜವಾದ ಯಂತ್ರದ ಹಾಗೆ ಕಾಣುತ್ತದೆ. ಸೋತ ಪ್ರಯತ್ನಗಳ ಪಾಸ್‌ವರ್ಡೂ ಹೇಗಿದ್ದರೂ ದಾಖಲಾಗುತ್ತದೆ.

ಟೆಲ್ನೆಟ್ ಡಿಫಾಲ್ಟ್ ಆಗಿ ಆಫ್ ಇರುತ್ತದೆ. ಆನ್ ಮಾಡಿ. ಕ್ಯಾಮೆರಾ, ಡಿವಿಆರ್‌ನಂಥ ಸಾಧನಗಳನ್ನು ಹಿಡಿಯುವ ಮಿರಾಯ್ ಎಂಬ ಮಾಲ್ವೇರಿನ ಜಾತಿಯ ಬಾಟ್‌ಗಳು ಬರುವುದು ಅಲ್ಲಿಗೆ.

ಹೆಜ್ಜೆ 6: ಬಾಗಿಲು ತೆರೆಯುವುದು

ಕೌರಿ ಕೇಳುವುದು 2222ರಲ್ಲಿ, ಟೆಲ್ನೆಟ್‌ಗೆ 2223ರಲ್ಲಿ. 1024ಕ್ಕಿಂತ ಕೆಳಗಿನ ಪೋರ್ಟ್ ಹಿಡಿಯಲು ಮಾಮೂಲಿ ಬಳಕೆದಾರನಿಗೆ ಅಧಿಕಾರ ಇರುವುದಿಲ್ಲವಲ್ಲ. ಐಪಿಟೇಬಲ್ಸ್‌ನ ನ್ಯಾಟ್ ಕೋಷ್ಟಕದಲ್ಲಿ, ಪ್ರೀರೌಟಿಂಗ್ ಸರಪಳಿಯಲ್ಲಿ, 22ಕ್ಕೆ ಬಂದದ್ದನ್ನು 2222ಕ್ಕೂ 23ಕ್ಕೆ ಬಂದದ್ದನ್ನು 2223ಕ್ಕೂ ತಿರುಗಿಸಿ.

ತಿರುಗಿಸಿದ ಮೇಲೆ ಇನ್‌ಪುಟ್ ಸರಪಳಿಗೆ ಕಾಣುವುದು 22 ಅಲ್ಲ, 2222. ಹಾಗಾಗಿ ಅಲ್ಲಿ ಅನುಮತಿ ಕೊಡಬೇಕಾದ್ದು 2222 ಮತ್ತು 2223ಕ್ಕೆ. ಕ್ಲೌಡ್ ಕಂಪನಿಯ ಫೈರ್‌ವಾಲ್ ಬೇರೆ ಇದ್ದರೆ ಅಲ್ಲಿ 22 ಮತ್ತು 23.

ಪರೀಕ್ಷೆಯನ್ನು ಅದೇ ಯಂತ್ರದಿಂದ ಮಾಡಬೇಡಿ. ಲೋಕಲ್‌ಹೋಸ್ಟ್ ಪ್ಯಾಕೆಟ್ ಪ್ರೀರೌಟಿಂಗ್ ಮೂಲಕ ಹೋಗುವುದೇ ಇಲ್ಲ. ಕೌರಿ ಶುರು ಮಾಡಿ, ನಿಮ್ಮ ಲ್ಯಾಪ್‌ಟಾಪಿನಿಂದ 22ಕ್ಕೆ ರೂಟ್ ಆಗಿ ಹೋಗಿ ನೋಡಿ. ಹೋಸ್ಟ್ ಕೀ ಬದಲಾಗಿದೆ ಎಂದು ನಿಮ್ಮ ಎಸ್‌ಎಸ್‌ಎಚ್ ಕಿರುಚಬಹುದು. ನಿನ್ನೆ ಅಲ್ಲಿ ನಿಜವಾದ ಸರ್ವರ್ ಇತ್ತು, ಇವತ್ತು ಕೌರಿ ಇದೆ, ಅದಕ್ಕೆ. ಒಳಹೋಗಿ ಒಂದೆರಡು ಕಮಾಂಡ್ ಕೊಟ್ಟು ಹೊರಬನ್ನಿ. ಲಾಗಿನಲ್ಲಿ ನಿಮ್ಮದೇ ಐಪಿ, ನೀವೇ ಕೊಟ್ಟ ಪಾಸ್‌ವರ್ಡ್ ಕಂಡರೆ ಬಲೆ ಸಿದ್ಧ. ಸಿಸ್ಟಮ್‌ಡಿ ಸೇವೆಯಾಗಿ ಬರೆದಿಟ್ಟರೆ ರೀಬೂಟ್ ಆದಾಗ ತಾನೇ ಏಳುತ್ತದೆ.

ಹೆಜ್ಜೆ 7: ಲಾಗ್ ಓದುವುದು

ಜನ ಸೋಮಾರಿಗಳಾಗುವುದು ಇಲ್ಲಿ, ಮಜಾ ಇರುವುದೂ ಇಲ್ಲೇ. ಲಾಗ್ ಡೈರೆಕ್ಟರಿಯಲ್ಲಿ ಕೌರಿ ಡಾಟ್ ಜೇಸನ್ ಎಂಬ ಫೈಲ್ ಇರುತ್ತದೆ. ಒಂದು ಸಾಲು, ಒಂದು ಘಟನೆ. ಪ್ರತಿ ಸಾಲಿನಲ್ಲೂ ಇವೆಂಟ್‌ಐಡಿ ಇದೆ: ಲಾಗಿನ್ ಸೋತದ್ದು, ಗೆದ್ದದ್ದು, ಕಮಾಂಡ್ ಬಂದದ್ದು, ಫೈಲ್ ಇಳಿದದ್ದು. ಜೆಕ್ಯೂ ಎಂಬ ಸಣ್ಣ ಸಾಧನದಿಂದ ಸೋತ ಲಾಗಿನ್‌ಗಳನ್ನು ಆಯ್ದು, ಪಾಸ್‌ವರ್ಡ್ ಮಾತ್ರ ತೆಗೆದು, ಸಾರ್ಟ್ ಮತ್ತು ಯೂನಿಕ್‌ಗೆ ಕೊಟ್ಟರೆ ಅತಿ ಹೆಚ್ಚು ಬಳಕೆಯಾದ ಪಾಸ್‌ವರ್ಡ್‌ಗಳ ಪಟ್ಟಿ ಸಿಗುತ್ತದೆ.

ಆ ಪಟ್ಟಿಯಲ್ಲಿ 'ಎಕ್ಸ್‌ಸಿ3511' ಕಂಡರೆ ಅದು ಹಳೆಯ ಡಿವಿಆರ್ ಮತ್ತು ಕ್ಯಾಮೆರಾಗಳ ಕಾರ್ಖಾನೆ ಪಾಸ್‌ವರ್ಡ್. ಮಿರಾಯ್‌ನ ಪಟ್ಟಿಯಲ್ಲಿದ್ದ ಅರವತ್ತಕ್ಕೂ ಹೆಚ್ಚು ಜೋಡಿಗಳಲ್ಲಿ ಒಂದು. 2016ರ ಅಕ್ಟೋಬರ್ 21ರಂದು ಡೈನ್ ಎಂಬ ಡಿಎನ್‌ಎಸ್ ಕಂಪನಿಯನ್ನು ಮಿರಾಯ್ ಬಾಟ್‌ಗಳು ಕೆಡವಿದಾಗ ದೊಡ್ಡ ದೊಡ್ಡ ವೆಬ್‌ಸೈಟುಗಳು ನಿಂತುಹೋದವು. ಅದಕ್ಕೆ ಕೆಲವೇ ವಾರ ಮುಂಚೆ ಅದರ ಮೂಲ ಕೋಡ್ ಬಹಿರಂಗವಾಗಿತ್ತು. ಅದರ ಮರಿಮಕ್ಕಳು ಇವತ್ತಿಗೂ ಓಡಾಡುತ್ತಿವೆ. ಟೆಲ್ನೆಟ್‌ನಲ್ಲಿ ಬಂದು 'ಎನೇಬಲ್', 'ಸಿಸ್ಟಮ್', 'ಶೆಲ್', 'ಎಸ್‌ಎಚ್' ಎಂದು ಸಾಲಾಗಿ ಹೇಳುತ್ತವೆ. ಆಮೇಲೆ ಸಣ್ಣ ಸಾಧನಗಳಲ್ಲಿ ಲಿನಕ್ಸ್ ಕಮಾಂಡುಗಳನ್ನು ಒದಗಿಸುವ ಬಿಜಿಬಾಕ್ಸ್‌ಗೆ ಇಲ್ಲದ ಕಮಾಂಡ್ ಒಂದನ್ನು ಕೊಟ್ಟು, 'ಅಂಥದ್ದಿಲ್ಲ' ಎಂಬ ಉತ್ತರ ಬರುತ್ತದಾ ಎಂದು ಕಾಯುತ್ತವೆ. ಬಂದರೆ ನಿಜವಾದ ಶೆಲ್ ಸಿಕ್ಕಿದೆ ಎಂದರ್ಥ.

ಎಣಿಕೆ ಮುಗಿದ ಮೇಲೆ ಒಂದೇ ಒಂದು ಸೆಷನ್ ಹಿಡಿದು ಪೂರ್ತಿ ಓದಿ. ಎಸ್‌ಎಸ್‌ಎಚ್‌ನಲ್ಲಿ ಪದೇ ಪದೇ ಸಿಗುವ ಒಂದು ಸೆಷನ್ ಹೀಗಿರುತ್ತದೆ. ಬಂದವನು ಮೊದಲು ಮನೆ ಡೈರೆಕ್ಟರಿಯ ಡಾಟ್ ಎಸ್‌ಎಸ್‌ಎಚ್ ಫೋಲ್ಡರಿನ ಬೀಗ ತೆಗೆಯಲು 'ಸಿಎಚ್‌ಆಟರ್' ಕೊಡುತ್ತಾನೆ. ಫೋಲ್ಡರನ್ನು ಅಳಿಸಿ, ಹೊಸದು ಮಾಡಿ, ತನ್ನ ಪಬ್ಲಿಕ್ ಕೀ ಹಾಕುತ್ತಾನೆ. ಆ ಕೀಯ ಕೊನೆಯಲ್ಲಿ 'ಎಂಡಿಆರ್‌ಎಫ್‌ಸಿಕೆಆರ್' ಎಂಬ ಗುರುತು. 2018ರಲ್ಲಿ ಟ್ರೆಂಡ್ ಮೈಕ್ರೋ ಎಂಬ ಭದ್ರತಾ ಕಂಪನಿ ಔಟ್‌ಲಾ ಎಂದು ಹೆಸರಿಟ್ಟ ಗುಂಪಿನ ಜೊತೆ ಈ ಕೀಯನ್ನು ಸಂಶೋಧಕರು ಜೋಡಿಸಿದ್ದಾರೆ. ಆಮೇಲೆ ರೂಟ್‌ನ ಪಾಸ್‌ವರ್ಡ್ ಬದಲಿಸುತ್ತಾನೆ. ಮುಂದಿನದು ವಿಚಾರಣೆ: ಪ್ರೊಸೆಸರ್ ಯಾವುದು, ಎಷ್ಟು ಕೋರ್, ಮೆಮೊರಿ ಎಷ್ಟು, ಕ್ರಾನ್‌ಟ್ಯಾಬ್‌ನಲ್ಲಿ ಏನಿದೆ, ಬೇರೆ ಯಾರಾದರೂ ಲಾಗಿನ್ ಆಗಿದ್ದಾರಾ.

ಪ್ರತಿ ಪ್ರಶ್ನೆಗೂ ಕಾರಣ ಇದೆ. ಪಾಸ್‌ವರ್ಡ್ ಬದಲಿಸುವುದು ಇನ್ನೊಬ್ಬ ದಾಳಿಕೋರ ಬರಬಾರದು ಎಂದು. ಕೋರ್ ಎಣಿಸುವುದು ಮೊನೆರೋ ಎಂಬ ಕ್ರಿಪ್ಟೋ ಹಣದ ಗಣಿಗಾರಿಕೆಗೆ ಈ ಯಂತ್ರ ಲಾಯಕ್ಕಾ ಎಂದು ತಿಳಿಯಲು. 'ಎಲ್‌ಎಸ್' ಪ್ರೋಗ್ರಾಮಿನ ಗಾತ್ರ ಎಷ್ಟೆಂದು ಕೇಳುವವರೂ ಇದ್ದಾರೆ. ಅಲ್ಲಿ ನಿಜವಾದ ಫೈಲ್ ಇದೆಯಾ, ಇಲ್ಲ ನಮ್ಮಂಥವರ ನಾಟಕವಾ ಎಂಬ ಅನುಮಾನ ಅವರಿಗೆ.

ಬೇರೆ ಬಗೆಯವರೂ ಸಿಗುತ್ತಾರೆ. ಟೆಲಿಗ್ರಾಮ್ ಡೆಸ್ಕ್‌ಟಾಪಿನ ಡೇಟಾ ಫೋಲ್ಡರ್, ಎಸ್‌ಎಂಎಸ್ ಸ್ಪೂಲ್ ಡೈರೆಕ್ಟರಿ, ಜಿಎಸ್‌ಎಂ ಮೋಡೆಮ್ ಸಾಧನಗಳು ಇವೆಯಾ ಎಂದು ಒಂದೇ ಉಸಿರಿನಲ್ಲಿ ಹುಡುಕುತ್ತಾರೆ. ಅವರಿಗೆ ನಿಮ್ಮ ಪ್ರೊಸೆಸರ್ ಬೇಡ, ಎಸ್‌ಎಂಎಸ್ ಕಳಿಸುವ ಯಂತ್ರ ಬೇಕು. ಇನ್ನು ಕೆಲವರು ಶೆಲ್ಲನ್ನೇ ಕೇಳುವುದಿಲ್ಲ. ಲಾಗಿನ್ ಆಗಿ ಡೈರೆಕ್ಟ್-ಟಿಸಿಪಿಐಪಿ ವಿನಂತಿ ಕಳಿಸುತ್ತಾರೆ, ಅಂದರೆ ನಿಮ್ಮ ಯಂತ್ರವನ್ನು ಪ್ರಾಕ್ಸಿ ಮಾಡಿಕೊಂಡು ಬೇರೆಡೆಗೆ ಮೇಲ್ ಅಥವಾ ವೆಬ್ ವಿನಂತಿ ದಾಟಿಸಲು. ಕೌರಿ ತಾನಾಗಿ ಅದನ್ನು ಹೊರಗೆ ಕಳಿಸುವುದಿಲ್ಲ, ಬರೆದಿಟ್ಟುಕೊಂಡು ನುಂಗುತ್ತದೆ.

ಸೆಷನ್ನಿನ ಪ್ರತಿ ಕೀಲಿಯನ್ನೂ ಹಿಡಿದಿಟ್ಟ ಟಿಟಿವೈ ದಾಖಲೆಗಳನ್ನು ಪ್ಲೇಲಾಗ್ ಸಾಧನದಿಂದ ವಿಡಿಯೊದಂತೆ ಮರಳಿ ಓಡಿಸಬಹುದು. ಮನುಷ್ಯರು ಬಂದಾಗ ತಕ್ಷಣ ಗೊತ್ತಾಗುತ್ತದೆ. ತಡವರಿಸುತ್ತಾರೆ, ತಪ್ಪು ಟೈಪ್ ಮಾಡಿ ಅಳಿಸುತ್ತಾರೆ. ಅಂಥ ಸೆಷನ್ ಅಪರೂಪ, ಸಿಕ್ಕರೆ ಬಿಡಬೇಡಿ. ಐಪಿ ಬದಲಾದರೂ ಅದೇ ಬಾಟ್ ಎಂದು ಹಿಡಿಯಲು ಹ್ಯಾಶ್ (HASSH) ಎಂಬ ಬೆರಳಚ್ಚು ಲಾಗಿನಲ್ಲೇ ಇದೆ. ಎಸ್‌ಎಸ್‌ಎಚ್ ಕ್ಲೈಂಟ್ ಯಾವ ಗೂಢಲಿಪಿ ವಿಧಾನಗಳನ್ನು ಯಾವ ಕ್ರಮದಲ್ಲಿ ಹೇಳಿತು ಎಂಬುದರಿಂದ ಅದನ್ನು ತೆಗೆಯುತ್ತಾರೆ. ಐಪಿಯ ಬದಲು ಇದರ ಮೇಲೆ ಗುಂಪು ಮಾಡಿ ನೋಡಿ, ಚಿತ್ರವೇ ಬೇರೆಯಾಗುತ್ತದೆ.

ಲಾಗನ್ನು ಹನಿಪಾಟಿನಿಂದ ನಿಮ್ಮ ಕಡೆಗೆ ಕಳಿಸಬೇಡಿ, ನಿಮ್ಮ ಕಡೆಯಿಂದ ಹೋಗಿ ಎಳೆದುಕೊಳ್ಳಿ. ದಿನಕ್ಕೊಮ್ಮೆ ಆರ್‌ಸಿಂಕ್ ಸಾಕು. ಕಳಿಸಬೇಕಾದರೆ ನಿಮ್ಮ ಬೇರೆ ಯಂತ್ರದ ಕೀಯನ್ನು ಹನಿಪಾಟಿನಲ್ಲಿ ಇಡಬೇಕಾಗುತ್ತದೆ, ಅದಕ್ಕಿಂತ ಕೆಟ್ಟ ಜಾಗ ಇನ್ನೊಂದಿಲ್ಲ.

ಸಿಕ್ಕ ಫೈಲುಗಳು

ಇಳಿದ ಫೈಲುಗಳು ಡೌನ್‌ಲೋಡ್ಸ್ ಡೈರೆಕ್ಟರಿಯಲ್ಲಿ ತಮ್ಮ ಎಸ್‌ಎಚ್‌ಎ-256 ಹ್ಯಾಶ್ (hash, ಫೈಲಿನ ಒಳಗಿನಿಂದ ಲೆಕ್ಕ ಹಾಕಿದ ಗುರುತು) ಹೆಸರಿನಲ್ಲಿ ಇರುತ್ತವೆ. ಅವು ನಿಜವಾದ ಮಾಲ್ವೇರ್. ಲ್ಯಾಪ್‌ಟಾಪಿಗೆ ತಂದು ತೆರೆದು ನೋಡುವ ಆಸೆ ಬೇಡ. ಆ ಹೆಸರನ್ನೇ ವೈರಸ್‌ಟೋಟಲ್ ಎಂಬ ತಾಣದಲ್ಲಿ ಹುಡುಕಿ. ಫೈಲ್ ಹಾಕಬೇಕಿಲ್ಲ, ಹ್ಯಾಶ್ ಸಾಕು. ಬಹುತೇಕ ಯಾರಾದರೂ ಮುಂಚೆಯೇ ನೋಡಿರುತ್ತಾರೆ. ಮಾಲ್ವೇರ್ ಇಟ್ಟಿರುವ ಕೊಂಡಿಗಳನ್ನು ಯುಆರ್‌ಎಲ್‌ಹೌಸ್ ಎಂಬ ತಾಣಕ್ಕೆ ತಿಳಿಸಿದರೆ ಅವುಗಳನ್ನು ಕೆಳಗಿಳಿಸಲು ಅನುಕೂಲವಾಗುತ್ತದೆ.

ಕಾನೂನಿನ ಗೆರೆ

ನಿಮ್ಮದೇ ಯಂತ್ರದಲ್ಲಿ ನಿಮ್ಮದೇ ಲಾಗ್ ಇಡುವುದು ಒಂದು. ದಾಳಿಕೋರನ ಐಪಿಗೆ ವಾಪಸ್ ಹೋಗಿ ಲಾಗಿನ್ ಪ್ರಯತ್ನಿಸುವುದು ಇನ್ನೊಂದು. ಎರಡನೆಯದು ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ 43 ಮತ್ತು 66ನೇ ಸೆಕ್ಷನ್ನಿನಡಿ ನಿಮ್ಮನ್ನೇ ಅಪರಾಧಿಯಾಗಿಸಬಹುದು. 66ರಲ್ಲಿ ಮೂರು ವರ್ಷದವರೆಗೆ ಜೈಲು, 5 ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಅಷ್ಟಕ್ಕೂ ಆ ಐಪಿ ಬಹುತೇಕ ಯಾರದೋ ಮನೆಯ ರೌಟರ್, ಇಲ್ಲವೇ ಸಣ್ಣ ಅಂಗಡಿಯ ಕ್ಯಾಮೆರಾ ಪೆಟ್ಟಿಗೆ. ಅವರೂ ಬಲಿಯಾದವರೇ.

ಕಚ್ಚಾ ಲಾಗನ್ನು ಎಲ್ಲರಿಗೂ ಕಾಣುವಂತೆ ಹಾಕಬೇಡಿ. ಅದರಲ್ಲಿರುವ ಪಾಸ್‌ವರ್ಡ್‌ಗಳಲ್ಲಿ ಯಾರದೋ ಸೋರಿಹೋದ ನಿಜವಾದವೂ ಇರುತ್ತವೆ. ಕಂಪನಿಯ ಪರವಾಗಿ ನಡೆಸುವವರು ಭಾರತ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನಗಳನ್ನು ಓದಿರಬೇಕು. ಪಟ್ಟಿ ಮಾಡಿದ ಬಗೆಯ ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ, 180 ದಿನ ಲಾಗ್ ಉಳಿಸುವುದು, ಗಡಿಯಾರಗಳನ್ನು ಎನ್‌ಟಿಪಿಯಿಂದ ಸರಿಹೊಂದಿಸುವುದು ಅದರಲ್ಲಿವೆ. ಕಂಪನಿಯ ವಕೀಲರನ್ನೂ ಭದ್ರತಾ ಮುಖ್ಯಸ್ಥರನ್ನೂ ಕೇಳದೆ ಕಚೇರಿಯಲ್ಲಿ ಏನೂ ಹಾಕಬೇಡಿ.

ಕಿತ್ತುಹಾಕುವುದು

ಹನಿಪಾಟನ್ನು ಹಾಕಿ ಮರೆಯುವವರು ಇದ್ದಾರೆ. ಅಪ್‌ಡೇಟ್ ಇಲ್ಲದ ಹನಿಪಾಟ್ ನಿಧಾನಕ್ಕೆ ನಿಜವಾದ ದುರ್ಬಲ ಯಂತ್ರವಾಗುತ್ತದೆ. ಆಗಾಗ ಕೌರಿಯನ್ನೂ ಸಿಸ್ಟಮ್ಮನ್ನೂ ಅಪ್‌ಡೇಟ್ ಮಾಡಿ. ಕೆಲವು ತಿಂಗಳಿಗೊಮ್ಮೆ ಇಡೀ ವಿಪಿಎಸ್ ಅಳಿಸಿ ಹೊಸ ಐಪಿಯಲ್ಲಿ ಹೊಸದಾಗಿ ಕಟ್ಟಿ. ಹಳೆಯ ಐಪಿಯನ್ನು ಹನಿಪಾಟ್ ಎಂದು ಗುರುತಿಸಿದವರು ಅಷ್ಟರಲ್ಲಿ ತಮ್ಮ ಪಟ್ಟಿಗೆ ಸೇರಿಸಿರುತ್ತಾರೆ. ಆಸಕ್ತಿ ಮುಗಿದಿದ್ದರೆ ಲಾಗ್ ಇಳಿಸಿಕೊಂಡು ಯಂತ್ರ ನಾಶ ಮಾಡಿ, ಸ್ನ್ಯಾಪ್‌ಶಾಟ್‌ಗಳನ್ನೂ ಅಳಿಸಿ.

ಕಚೇರಿಯ ಒಳಗಿನ ಹನಿಪಾಟ್

ಇಂಟರ್ನೆಟ್ಟಿಗೆ ಮುಖ ಮಾಡಿದ ಹನಿಪಾಟ್ ಕಲಿಸುತ್ತದೆ, ಆದರೆ ಎಚ್ಚರಿಸುವುದಿಲ್ಲ. ಅಲ್ಲಿ ದಿನವಿಡೀ ಗದ್ದಲ. ಕಚೇರಿಯ ಒಳನೆಟ್‌ವರ್ಕಿನಲ್ಲಿ ಇಟ್ಟದ್ದು ಇದಕ್ಕೆ ಪೂರ್ತಿ ವಿರುದ್ಧ. ತಿಂಗಳುಗಟ್ಟಲೆ ಮೌನ. ಒಂದು ದಿನ ಯಾರೋ ಅದಕ್ಕೆ ಲಾಗಿನ್ ಆಗಲು ಪ್ರಯತ್ನಿಸಿದರೆ, ಆ ಯಂತ್ರದಲ್ಲಿ ಯಾರಿಗೂ ಯಾವ ಕೆಲಸವೂ ಇಲ್ಲದ ಕಾರಣ, ಅದನ್ನು ಗಂಭೀರವಾಗಿ ತಗೊಳ್ಳಲೇಬೇಕು. ಸಣ್ಣ ಕಂಪನಿಗೆ ಹಣ ಮತ್ತು ಸಮಯ ಇರುವುದು ಒಂದಕ್ಕೆ ಮಾತ್ರ ಅಂದರೆ, ನಾನು ಇದನ್ನೇ ಹಾಕಿ ಅನ್ನುತ್ತೇನೆ.

ಇದಕ್ಕೆ ಕೌರಿ ಬೇಡ. ದಕ್ಷಿಣ ಆಫ್ರಿಕಾದ ಥಿಂಕ್ಸ್ಟ್ ಕಂಪನಿಯ ಓಪನ್‌ಕೆನರಿ ಎಂಬ ಮುಕ್ತ ತಂತ್ರಾಂಶ ಇದೆ. ರಾಸ್ಪ್‌ಬೆರಿ ಪೈ ಮೇಲೂ ಓಡುತ್ತದೆ. ಒಂದೇ ಕಾನ್ಫಿಗ್ ಫೈಲಿನಲ್ಲಿ ಎಫ್‌ಟಿಪಿ, ವೆಬ್, ಮೈಎಸ್‌ಕ್ಯೂಎಲ್, ಆರ್‌ಡಿಪಿ ಮುಂತಾದವನ್ನು ಆನ್ ಅಥವಾ ಆಫ್ ಮಾಡಬಹುದು. ಎಲ್ಲವನ್ನೂ ಆನ್ ಮಾಡುವುದು ದಡ್ಡತನ. ಒಂದೇ ಯಂತ್ರದಲ್ಲಿ ಎಲ್ಲ ಸೇವೆ ಇದ್ದರೆ ಯಾರಿಗಾದರೂ ಅನುಮಾನ ಬರುತ್ತದೆ. ಬ್ಯಾಕಪ್ ಇಡುವ ನ್ಯಾಸ್ ಪೆಟ್ಟಿಗೆಯಂತೆ ಕಾಣುವ ವೆಬ್ ಲಾಗಿನ್ ಪುಟ ಅದರ ಜೊತೆಗೇ ಬರುತ್ತದೆ. ಅದು ಮತ್ತು ಎಫ್‌ಟಿಪಿ, ಎರಡೇ ಸಾಕು. ಹೋಸ್ಟ್‌ನೇಮ್ ನಿಮ್ಮ ಕಚೇರಿಯ ಬೇರೆ ಯಂತ್ರಗಳ ಹೆಸರಿಡುವ ರೀತಿಯಲ್ಲೇ ಇರಲಿ.

ಎಚ್ಚರಿಕೆಯನ್ನು ಇಮೇಲ್ ಅಥವಾ ವೆಬ್‌ಹುಕ್ ಮೂಲಕ ಕಳಿಸುವಂತೆ ಮಾಡಿ, ನೀವೇ ಒಮ್ಮೆ ತಪ್ಪು ಪಾಸ್‌ವರ್ಡ್ ಕೊಟ್ಟು ಸಂದೇಶ ಬರುತ್ತದಾ ನೋಡಿ. ಇನ್ನೊಂದು ಕೆಲಸ ಬಾಕಿ ಇದೆ. ಕಚೇರಿಯಲ್ಲಿ ವಲ್ನರಬಿಲಿಟಿ ಸ್ಕ್ಯಾನರ್, ಪ್ರಿಂಟರ್ ಹುಡುಕುವ ತಂತ್ರಾಂಶ, ನೆಟ್‌ವರ್ಕ್ ಮಾನಿಟರ್ ಇದ್ದರೆ ಅವೂ ಈ ಯಂತ್ರವನ್ನು ಮುಟ್ಟುತ್ತವೆ. ಅವುಗಳ ಐಪಿಗಳನ್ನು ಕಾನ್ಫಿಗ್‌ನ ಇಗ್ನೋರ್‌ಲಿಸ್ಟಿಗೆ ಸೇರಿಸಿ. ಇಲ್ಲದಿದ್ದರೆ ಸ್ಕ್ಯಾನ್ ನಡೆದಾಗಲೆಲ್ಲ ಸಂದೇಶಗಳ ಮಳೆ ಸುರಿದು, ಆ ಇಮೇಲನ್ನು ಯಾರೋ ಒಬ್ಬರು ಸೀದಾ ಬೇರೆ ಫೋಲ್ಡರಿಗೆ ತಳ್ಳುವ ಫಿಲ್ಟರ್ ಬರೆದುಬಿಡುತ್ತಾರೆ.